ಬಿಸಿಲಿಗೆ ಬೆನ್ನು ಕೊಟ್ಟವನ ಮುಖ

ದೇವಸಮುದ್ರ
9 ಮಾರ್ಚ್ 2025

ನಬೀ ಚಾಚಾರಿಗೆ ಸ್ವಪ್ನಳ ನಮಸ್ಕಾರ.

ನೀವು ಸ್ಟುಡಿಯೋ ಮುಚ್ಚುವಾಗ ನನಗೆ ಕೊಟ್ಟ ಕ್ಯಾಮೆರಾ ಚೆನ್ನಾಗಿದೆ, ಅದನ್ನು ಹಿಡಿದ ನಾನೇ ಚೆನ್ನಾಗಿಲ್ಲ. ಮೂರು ತಿಂಗಳಲ್ಲಿ ಎರಡು ನಾಮಕರಣ, ಒಂದು ಗೃಹಪ್ರವೇಶ, ಶಾಲೆಯ ಮಕ್ಕಳ ಆಟೋಟ ತೆಗೆದೆ. ಒಂದರಲ್ಲೂ ಒಬ್ಬರಿಗೂ ಕಣ್ಣಿಲ್ಲ. ಎಲ್ಲರೂ ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಹಿಂಡಿಕೊಂಡಿದ್ದಾರೆ. ಬಿಳಿ ಪಂಚೆ ಉಟ್ಟವರು ಸುಟ್ಟುಹೋಗಿ, ಕಾಲಿನ ಜಾಗದಲ್ಲಿ ಬರೀ ಬೆಳಕು ನಿಂತಿದೆ. ಗೃಹಪ್ರವೇಶದ ಯಜಮಾನರು ಫೋಟೋ ನೋಡಿ, "ಏನವ್ವ, ನಮ್ಮನೆ ಹೆಂಗಸ್ರಿಗೆಲ್ಲ ಒಂದೇ ಸಲ ಹೊಟ್ಟೆನೋವು ಬಂದಂಗೈತಲ್ಲ" ಎಂದರು. ನನಗೆ ಅಳು ಬಂತು, ನಕ್ಕೆ.

ನಿಮಗೆ ಫೋನ್ ಮಾಡಿ ಕೇಳೋಣವೆಂದರೆ, ನಾನು ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಹಾಕಿದರೆ ಫೋಟೋದ ರಸವೆಲ್ಲ ಹಿಂಡಿಹೋಗುತ್ತದೆ ಎಂದು ನೀವೇ ಹೇಳಿದ್ದಿರಿ. ಅದಕ್ಕೇ ಕಾಗದ ಬರೆದು, ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಕವರಿನಲ್ಲಿಟ್ಟು ರಾಮಾಂಜನೇಯನ ಬಸ್ಸಿಗೆ ಕೊಟ್ಟಿದ್ದೇನೆ. ಕಂಡಕ್ಟರ್ ಆದರೂ ಅಂಚೆಯವರಿಗಿಂತ ಜೋಪಾನ.

ಈಗ ಅವಸರವಿದೆ ಚಾಚಾ. ನಮ್ಮ ಪಾತಣ್ಣನಿಗೆ ರಾಯದುರ್ಗದ ಕಡೆ ಒಂದು ಹೆಣ್ಣು ನೋಡಿದ್ದಾರೆ. ಅವನಿಗೀಗ ಮೂವತ್ತೊಂದು. ಅಪ್ಪ ಹೋದಾಗಿನಿಂದ ಕುರಿಯ ಹಿಂದೆಯೇ ಇದ್ದಾನೆ. ವರ್ಷದಲ್ಲಿ ಆರು ತಿಂಗಳು ಆಂಧ್ರದ ಹೊಲಗಳಲ್ಲಿ ಮಂದೆ ಹಾಕಿಕೊಂಡಿರುತ್ತಾನೆ. ಹೆಣ್ಣಿನವರು ಒಂದು ಫೋಟೋ ಕೇಳಿದ್ದಾರೆ. ನಮ್ಮ ಮನೆಯಲ್ಲಿ ಅವನದು ಒಂದೂ ಇಲ್ಲ! 21ಕ್ಕೆ ಒಂದೇ ದಿನ ಬಂದು ಹೋಗುತ್ತಾನಂತೆ. ಅವ್ವ ದಿನಕ್ಕೆ ಹತ್ತು ಸಲ "ಊರೋರ್ದೆಲ್ಲ ತೆಗೀತೀಯ, ನಿಮ್ಮಣ್ಣಂದು ನೆಟ್ಟಗೆ ಒಂದು ತೆಗಿ ನೋಡಾಣ" ಅನ್ನುತ್ತಾಳೆ. ಈ ಬಿಸಿಲಿನಲ್ಲಿ ಮನುಷ್ಯನ ಮುಖ ಮುಖದ ಹಾಗೆ ಬರಲು ಏನು ಮಾಡಬೇಕು, ಬಿಡಿಸಿ ಬರೆಯಿರಿ.

ಅಮೀನಾ ಚಾಚಿಗೆ ನನ್ನ ನೆನಪು ಹೇಳಿ.

ಸ್ವಪ್ನ


ಚಳ್ಳಕೆರೆ
13 ಮಾರ್ಚ್ 2025

ಮಗಳು ಸ್ವಪ್ನಳಿಗೆ,

ರಂಜಾನಿನ ರೋಜಾ ಇರುವುದರಿಂದ ಮಧ್ಯಾಹ್ನ ನನಗೆ ಊಟದ ಕೆಲಸವೂ ಇಲ್ಲ. ನಿನ್ನ ಇನ್ನೂರ ಹದಿನಾರು ಫೋಟೋಗಳನ್ನೂ ನೋಡಿದೆ. ಬೈಯಬೇಕೆಂದು ಕೂತೆ. ಆದರೆ ನಾನು ಮೊದಲ ವರ್ಷ ತೆಗೆದದ್ದು ಇದಕ್ಕಿಂತ ಕಡೆಯಾಗಿತ್ತು.

ನೀನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. ಬೆಳಕು ಜಾಸ್ತಿ ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದುಕೊಂಡು ಜನರನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಿದ್ದೀಯ. ನಮ್ಮ ಕಡೆಯ ಬಿಸಿಲು ಅಂಥ ಮರ್ಯಾದಸ್ಥ ಬಿಸಿಲಲ್ಲ ಬೇಟಾ. ಹತ್ತು ಗಂಟೆಯ ಮೇಲೆ ನೆತ್ತಿಯಿಂದ ಇಳಿದು ಹುಬ್ಬಿನ ಕೆಳಗೆ ಗುಂಡಿ ತೋಡುತ್ತದೆ, ಮೂಗಿನ ಕೆಳಗೆ ಇನ್ನೊಂದು ಮೀಸೆ ಬರೆಯುತ್ತದೆ. ಹಾಗಾಗಿ ಬೆಳಿಗ್ಗೆ ಎಂಟರೊಳಗೆ ತೆಗಿ, ಇಲ್ಲವೆ ಸಂಜೆ ಐದರ ಮೇಲೆ. ಆಗುವುದಿಲ್ಲವೆಂದರೆ ಬೇವಿನ ಮರದಡಿಗೆ ಕರೆದುಕೊಂಡು ಹೋಗು. ಎಲೆ ಸಂದಿನಿಂದ ಚುಕ್ಕೆ ಬಿಸಿಲು ಬೀಳುವಲ್ಲಿ ಮಾತ್ರ ಬೇಡ, ಮದುಮಗ ಸಿಡುಬು ಎದ್ದವನ ಹಾಗೆ ಕಾಣುತ್ತಾನೆ. ಮನೆಯ ಬಾಗಿಲೊಳಗೆ ಒಂದು ಹೆಜ್ಜೆ ಹಿಂದೆ ನಿಲ್ಲಿಸಿ ನೀನು ಅಂಗಳದಿಂದ ತೆಗೆದರೂ ಆದೀತು. ರುಮಾಲು ಇದ್ದರೆ ಹಣೆಯಿಂದ ಎರಡು ಬೆರಳು ಮೇಲಕ್ಕೆ ಏರಿಸು.

ಮರವೂ ಇಲ್ಲ, ಮನೆಯೂ ಇಲ್ಲ, ಬಟಾಬಯಲು ಎಂದಾದರೆ ಸೂರ್ಯನಿಗೆ ಅವನ ಬೆನ್ನು ಕೊಡಿಸು. ಆಗ ಕಣ್ಣು ಬಿಡುತ್ತಾನೆ. ಕ್ಯಾಮೆರಾದ ಬೆಳಕಿನ ಗಾಲಿಯನ್ನು ಎರಡು ಮೆಟ್ಟಿಲು ಕೆಳಗಿಳಿಸು, ಇಲ್ಲದಿದ್ದರೆ ಆಕಾಶ ಸುಟ್ಟುಹೋಗುತ್ತದೆ. ಮುಖಕ್ಕೆ ಬೆಳಕು ಬೇಕಲ್ಲ, ಅದಕ್ಕೆ ಅವನ ಮುಂದೆ ನೆಲದ ಮೇಲೆ ಒಂದು ಒಗೆದ ಬಿಳಿ ಪಂಚೆ ಹಾಸು. ಬಿಸಿಲು ಪಂಚೆಗೆ ಬಡಿದು ಕೆಳಗಿನಿಂದ ಮುಖಕ್ಕೆ ಏಳುತ್ತದೆ. ಕಣ್ಣೊಳಗೆ ಒಂದು ಹೊಳಪೂ ಬರುತ್ತದೆ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಬಯಲಿನಲ್ಲಿ ಎಷ್ಟೋ ಮದುಮಕ್ಕಳನ್ನು ನಾನು ಒಂದೇ ಪಂಚೆಯಲ್ಲಿ ಚೆಂದ ಮಾಡಿದ್ದೇನೆ.

ಇನ್ನೊಂದು ಮಾತು. ಕ್ಯಾಮೆರಾದ ನೆತ್ತಿಯ ಮೇಲಿನ ಸಣ್ಣ ಬಾಗಿಲನ್ನು ತೆರೆಯಲು ಹೋಗಬೇಡ. ಹಗಲಲ್ಲಿ ಫ್ಲ್ಯಾಶ್ ಬೇಕಿಲ್ಲ, ಸುಮ್ಮನೆ ಬ್ಯಾಟರಿ ತಿನ್ನುತ್ತದೆ.

ನಿನ್ನ ಚಾಚಿ ಕೇಳಿದಳು, ಹುಡುಗಿ ಕುರಿ ಕಾಯುವವನಿಗೆ ಒಪ್ಪಿದ್ದಾಳೋ ಕುರಿಗೆ ಒಪ್ಪಿದ್ದಾಳೋ ಅಂತ.

ನಬೀ ಸಾಬ್


ದೇವಸಮುದ್ರ
24 ಮಾರ್ಚ್ 2025

ಚಾಚಾ,

ಅಣ್ಣ ಬಂದ, ಹೋದ. ಫೋಟೋ ತೆಗೆದೆ ಅನ್ನಬೇಕೋ ಬೇಡವೋ ತಿಳಿಯದು.

ಬೆಳಿಗ್ಗೆ ಎಂಟಕ್ಕೆ ತೆಗಿ ಎಂದಿರಿ. ಅವನು ಬಂದದ್ದೇ ಹನ್ನೊಂದಕ್ಕೆ. ಬಂದವನು ಮನೆಗೆ ಬರದೆ ನೇರ ಹಟ್ಟಿಯ ಆಚೆ ಕುರಿ ರೊಪ್ಪಕ್ಕೆ ಹೋದ. ಅಲ್ಲೊಂದು ಮೇಕೆ ಈಯುತ್ತಿತ್ತು. ನಾನು ಕ್ಯಾಮೆರಾ ಹಿಡಿದು ಹಿಂದೆಯೇ ಓಡಿದೆ. ಅಲ್ಲಿ ಮರವೂ ಇಲ್ಲ, ಗೋಡೆಯೂ ಇಲ್ಲ, ನೀವು ಬರೆದಿದ್ದ ಬಟಾಬಯಲೇ. "ಮನೆ ಹತ್ರ ಬಾರೋ" ಅಂದರೆ "ಇಲ್ಲೇ ತೆಗಿಯೇ, ಒಂದೂವರೆ ಬಸ್ಸಿಗೆ ಹೋಗ್ಬೇಕು, ದೊಡ್ಡೀರಪ್ಪ ಒಬ್ನೇ ಅವ್ನೆ ಮಂದೆ ಹತ್ರ" ಎಂದ. ದೊಡ್ಡೀರಪ್ಪ ಅವನ ಜೊತೆ ಕುರಿ ಹೊಡೆಯುವ ನಮ್ಮ ಹಟ್ಟಿಯವನು.

ಸರಿ, ನಿಮ್ಮ ಮಾತಿನಂತೆ ಸೂರ್ಯನಿಗೆ ಅವನ ಬೆನ್ನು ಕೊಡಿಸಿದೆ. ಗಾಲಿಯನ್ನು ಎರಡು ಮೆಟ್ಟಿಲು ಇಳಿಸಿದೆ. ಒಗೆದ ಪಂಚೆಯನ್ನು ಅವನ ಕಾಲಿನ ಮುಂದೆ ಬಿಡಿಸಿ ಹಾಸಿದ್ದೇ ತಡ, ಹಾವು ಕಂಡವನಂತೆ ಹಿಂದಕ್ಕೆ ಹಾರಿದ. "ಏ, ಎತ್ತೇ ಅದ್ನ! ನಡೆಮಡಿ ಹಾಸೋದು ದೇವ್ರು ಬರಾಗ. ನಾನೇನ್ ದೇವ್ರಾ?" ಎಂದ. ನಮ್ಮಲ್ಲಿ ದೇವರು ಹೊಳೆಗೆ ಹೋಗುವಾಗ ದಾರಿಗೆ ಬಿಳಿ ಮಡಿ ಹಾಸುತ್ತಾರೆ, ನಿಮಗೆ ಗೊತ್ತಲ್ಲ. ಅದರ ಎದುರಿಗೆ ನಿಂತರೆ ತಾನು ದೇವರ ಜಾಗದಲ್ಲಿ ನಿಂತಂತೆ ಎಂದು ಅವನ ಭಯ. ಇದು ಬೆಳಕಿಗೆ ಕಣೋ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ತಾನೇ ಪಂಚೆ ಎತ್ತಿ, ಕಣ್ಣಿಗೊತ್ತಿಕೊಂಡು, ಮಡಚಿ ನನ್ನ ಹೆಗಲಿಗೆ ಹಾಕಿದ.

ಪಂಚೆ ಇಲ್ಲದೆಯೇ ಏಳು ಫೋಟೋ ತೆಗೆದೆ. ಆ ಬಿಸಿಲಿಗೆ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ನನ್ನ ಮೂಗಿನ ಹೊರತು ಏನೂ ಕಾಣಲಿಲ್ಲ. ಮನೆಯೊಳಗೆ ಬಂದು ನೋಡಿದೆ. ಆಕಾಶ ನೀಲಿ, ಗುಡ್ಡ ಸ್ಪಷ್ಟ, ಮೇಕೆಯ ಮರಿಯ ಒದ್ದೆ ಕಿವಿ ಕೂಡ ಕಾಣುತ್ತದೆ. ಅಣ್ಣನ ರುಮಾಲಿನ ಕೆಳಗೆ ಮಾತ್ರ ಇದ್ದಿಲು. ಅಷ್ಟು ಹೊತ್ತಿಗೆ ಅವನ ಬಸ್ಸು ಹೋಗಿತ್ತು.

ಕಾರ್ಡು ಕಳಿಸಿದ್ದೇನೆ. ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ. ಅವ್ವನಿಗೆ "ತೊಳೀಬೇಕು, ಟೈಮ್ ಆಗುತ್ತೆ" ಎಂದು ಹಳೇ ಕಾಲದ ಸುಳ್ಳು ಹೇಳಿದ್ದೇನೆ.

ಸ್ವಪ್ನ


ಚಳ್ಳಕೆರೆ
28 ಮಾರ್ಚ್ 2025

ಸ್ವಪ್ನಾ,

ನಿನ್ನ ಕಾಗದ ಓದಿ ನಿನ್ನ ಚಾಚಿಗೆ ಹೇಳಿದೆ. ಪಂಚೆ ಕಣ್ಣಿಗೊತ್ತಿಕೊಂಡ ಕಡೆ ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು. ಆಮೇಲೆ "ಒಳ್ಳೆ ಹುಡುಗ" ಎಂದಳು. ಮುಖ ಕಾಣದಿದ್ದರೇ ವಾಸಿಯಂತೆ. ನನ್ನ ಮುಖ ಮೊದಲೇ ನೋಡಿದ್ದರೆ ಅವರಪ್ಪ ಹೆಣ್ಣು ಕೊಡುತ್ತಿರಲಿಲ್ಲವಂತೆ.

ಫೋಟೋ ಆಗುವುದಿಲ್ಲ. ಬೆಳ್ಳಗೆ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ, ಅಷ್ಟೆ. ಅದಕ್ಕೇಕೆ ಇಷ್ಟು ಚಿಂತೆ? ಮುಂಗಾರಿಗೆ ಹೇಗೂ ಕುರಿ ವಾಪಸ್ ಬರುತ್ತವೆ, ಅವನೂ ಬರುತ್ತಾನೆ. ಸಂಜೆ ಹೊತ್ತು ಬಾಗಿಲಲ್ಲಿ ನಿಲ್ಲಿಸಿ ಸಮಾಧಾನವಾಗಿ ತೆಗಿ. ಎರಡು ತಿಂಗಳು ಕಾಯದ ಹೆಣ್ಣಿನವರು ಮುಂದೆ ಆರಾರು ತಿಂಗಳು ಅವನನ್ನು ಹೇಗೆ ಕಾದಾರು?

ನಾಡಿದ್ದು ನಿಮಗೆ ಯುಗಾದಿ, ಚಂದ್ರ ಕಂಡರೆ ಮರುದಿನ ನಮಗೆ ಈದ್. ಈ ಸಲ ಬೇವು ಬೆಲ್ಲವೂ ಶೀರ್‌ಖುರ್ಮಾವೂ ಒಂದೇ ಬಸ್ಸಿನಲ್ಲಿ ಓಡಾಡಲಿ. ಕಾರ್ಡು ನನ್ನ ಡ್ರಾದಲ್ಲಿದೆ.

ನಬೀ ಸಾಬ್


ದೇವಸಮುದ್ರ
19 ಏಪ್ರಿಲ್ 2025

ಚಾಚಾ, ಕಾರ್ಡು ಡ್ರಾದಲ್ಲಿ ಇದೆ ತಾನೆ? ಅಳಿಸಿಲ್ಲ ತಾನೆ? ಈ ಕಾಗದ ಸಿಕ್ಕ ಕೂಡಲೆ ಮೊದಲು ಅದನ್ನು ನೋಡಿ.

ಅಣ್ಣ ಕಾಣೆಯಾಗಿ ಇವತ್ತಿಗೆ ಹನ್ನೊಂದು ದಿನ. ಕಲ್ಯಾಣದುರ್ಗದಿಂದ ಆಚೆ ಎಲ್ಲೋ ಕಡಲೆ ಹೊಲದಲ್ಲಿ ಮಂದೆ ಇತ್ತು. ದೊಡ್ಡೀರಪ್ಪ ಹೇಳಿದ್ದು ಇಷ್ಟೇ: "ಎಲ್ಡು ದಿನದಿಂದ ತಲೆ ಸಿಡೀತೈತೆ ಅಂತಿದ್ದ. ಬಿಸಿಲು ಬಡಿದಿತ್ತು ಅನ್ಸುತ್ತೆ ಕಣವ್ವ, ಮಾತು ಹಿಂದುಮುಂದಾಗ್ತಿದ್ವು. ನನ್ನ ಹೆಸ್ರೂ ತಪ್ಪಿ ಕರೆದ. ಮಧ್ಯಾಹ್ನ ನೀರು ತರ್ತೀನಿ ಅಂತ ಕೊಡ ಹಿಡ್ಕೊಂಡು ಹೋದ." ಕೊಡ ದಾರಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ. ಫೋನು ಮಂದೆಯ ಕಂಬಳಿಯಲ್ಲೇ ಇತ್ತು. ಮೂರು ದಿನ ಬಾವಿಗಳಿಗೆಲ್ಲ ಇಳಿದು ಹುಡುಕಿ, ಕುರಿ ಹೊಡೆದುಕೊಂಡು ದೊಡ್ಡೀರಪ್ಪ ಒಬ್ಬನೇ ಬಂದ. ಅಣ್ಣನ ನಾಯಿ ಅವನ ಜೊತೆ ಬರಲಿಲ್ಲವಂತೆ.

ಅಲ್ಲಿಯ ಠಾಣೆಗೆ ಹೋದೆವು. ಅವರು ಒಳ್ಳೆಯ ಮಾತಿನಲ್ಲೇ ಕೇಳಿದರು, ಈಚೆಗಿನ ಫೋಟೋ ಕೊಡಮ್ಮ ಅಂತ. ಆಧಾರ್ ಕಾರ್ಡಿನದು ಅವನಿಗೆ ಹದಿನೆಂಟು ಇದ್ದಾಗಿನದು, ಮೀಸೆಯೂ ಬಂದಿರಲಿಲ್ಲ. ಜೆರಾಕ್ಸ್ ಮಾಡಿದರೆ ಅದು ಹುಡುಗನೋ ಹುಡುಗಿಯೋ ತಿಳಿಯುವುದಿಲ್ಲ. ನನ್ನ ಫೋನಿನಲ್ಲಿ ಸಾವಿರಾರು ಫೋಟೋ ಇವೆ ಚಾಚಾ. ಮೂರರಲ್ಲಿ ಅಣ್ಣ ಇದ್ದಾನೆ. ಒಂದರಲ್ಲಿ ಅವನ ಬೆನ್ನು. ಇನ್ನೊಂದರಲ್ಲಿ ಮರಿ ಎತ್ತಿಕೊಂಡಿದ್ದಾನೆ, ಮರಿ ಅವನ ಮುಖಕ್ಕೆ ಅಡ್ಡ ಬಂದಿದೆ. ಮೂರನೆಯದರಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದಾನೆ. ಊರಿನವರ ಹಲ್ಲುಗಳನ್ನೆಲ್ಲ ತೆಗೆದಿದ್ದೇನೆ, ನನ್ನ ಅಣ್ಣನ ಮುಖ ತೆಗೆದಿಲ್ಲ.

ಆ ಏಳು ಫೋಟೋಗಳಿಂದ ಹೇಗಾದರೂ ಮಾಡಿ ಮುಖ ಹೊರಗೆ ತೆಗೆಯಿರಿ. ನೀವು ನಲವತ್ತು ವರ್ಷ ಈ ಕೆಲಸ ಮಾಡಿದವರು. ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

ಸ್ವಪ್ನ


ಚಳ್ಳಕೆರೆ
21 ಏಪ್ರಿಲ್ 2025

ಮಗಳೇ,

ಕಾರ್ಡು ಇದೆ. ಅಳಿಸಿಲ್ಲ. ನಿನ್ನ ಕಾಗದ ಸಿಕ್ಕಾಗಿನಿಂದ ಕಂಪ್ಯೂಟರಿನ ಮುಂದೆಯೇ ಇದ್ದೇನೆ. ಈಗಿನ ಸ್ಟುಡಿಯೋದವರಿಬ್ಬರನ್ನು ಕರೆದು ಕೂರಿಸಿಕೊಂಡೆ. ಅವರಿಗೆ ನನಗಿಂತ ಹೆಚ್ಚು ಗೊತ್ತು.

ಬಂದದ್ದು ಇಷ್ಟು. ಎಡಗಿವಿಯ ಅಂಚು. ಕೆನ್ನೆಯ ಪಕ್ಕ ಬಿಸಿಲು ತಾಕಿದ ಒಂದು ಗೆರೆ. ನಾಲ್ಕನೆಯದರಲ್ಲಿ ಅವನು ನಕ್ಕಿರಬೇಕು, ಹಲ್ಲಿನ ಜಾಗದಲ್ಲಿ ಸ್ವಲ್ಪ ತೆಳು ಬೂದು ಇದೆ. ಉಳಿದದ್ದು ಕಪ್ಪು. ನಿನಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಇದು ಪರದೆಯ ಹಿಂದೆ ಅಡಗಿರುವ ಮುಖವಲ್ಲ, ಪರದೆ ಸರಿಸಿದರೆ ಕಾಣಲು. ಆ ಜಾಗದಿಂದ ಬೆಳಕೇ ಬಂದಿಲ್ಲ. ಕ್ಯಾಮೆರಾ ಅವನನ್ನು ನೋಡಿಯೇ ಇಲ್ಲ.

ಎತ್ತರ, ನಿಲುವು, ರುಮಾಲು ಸುತ್ತಿದ ರೀತಿ ಚೆನ್ನಾಗಿ ಕಾಣುತ್ತದೆ. ಅದನ್ನೇ ಹತ್ತು ಪ್ರಿಂಟ್ ಹಾಕಿಸಿ ಕಳಿಸಿದ್ದೇನೆ. ಠಾಣೆಗೆ ಕೊಡು. ನಾನೊಮ್ಮೆ ಅವನನ್ನು ನೋಡಿದ್ದೆನಲ್ಲ ಎಂದು ನೆನೆಸಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ನಿಮ್ಮಪ್ಪನ ಹೆಗಲ ಮೇಲೆ ಕೂತು ಸ್ಟುಡಿಯೋಗೆ ಬಂದಿದ್ದ ಮಗು ನೆನಪಾಗುತ್ತದೆ, ಅಷ್ಟೆ.

ಕ್ಷಮಿಸು.

ನಬೀ ಸಾಬ್


ದೇವಸಮುದ್ರ
2 ಮೇ 2025

ಚಾಚಾ,

ನೀವು ಆಗುವುದಿಲ್ಲ ಎಂದದ್ದನ್ನು ಮೊಳಕಾಲ್ಮೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಮಾಡಿದರು. ಅಂಗಡಿಯವನು ನಿಮ್ಮ ಪ್ರಿಂಟನ್ನೂ ಆಧಾರಿನ ಫೋಟೋವನ್ನೂ ಫೋನಿನಲ್ಲಿ ಹಾಕಿ, ವಯಸ್ಸು ಮೂವತ್ತೊಂದು, ಮೀಸೆ ಇದೆ ಎಂದು ಬರೆದು ಒತ್ತಿದ. ಇದ್ದಿಲಿನ ಜಾಗದಲ್ಲಿ ಮುಖ ಬಂತು. ಕಣ್ಣು, ಮೂಗು, ರೆಪ್ಪೆಯ ಕೂದಲು ಸಮೇತ ಬಂತು. ಅಲ್ಲೇ ಪ್ರಿಂಟ್ ಹಾಕಿಸಿಕೊಂಡೆ.

ಅವ್ವನಿಗೆ ತೋರಿಸಿದೆ. ಅವಳು ಫೋಟೋವನ್ನು ಮುಖಕ್ಕೆ ಒತ್ತಿಕೊಂಡು "ಬಂದ್ಯಾ ನನ್ನಪ್ಪಾ" ಎಂದು ಅತ್ತಳು. ಇಪ್ಪತ್ತನಾಲ್ಕು ದಿನದಲ್ಲಿ ಅವತ್ತು ಮೊದಲ ಸಲ ಒಂದು ಮುದ್ದೆ ಪೂರ್ತಿ ಉಂಡಳು.

ಕನ್ನಡದಲ್ಲೂ ತೆಲುಗಿನಲ್ಲೂ ಪೋಸ್ಟರ್ ಮಾಡಿಸಿದ್ದೇವೆ. ರಾಯದುರ್ಗ, ಕಲ್ಯಾಣದುರ್ಗ, ಅಲ್ಲಿಂದ ಆಚೆಯ ಊರುಗಳ ಬಸ್ ನಿಲ್ದಾಣ, ಹೋಟೆಲು, ಸಂತೆ ಎಲ್ಲ ಕಡೆ ನಾನೂ ದೊಡ್ಡೀರಪ್ಪನೂ ಅಂಟಿಸಿ ಬಂದೆವು. ಕೆಳಗೆ ನನ್ನ ನಂಬರ್ ಇದೆ.

ಪೋಸ್ಟರ್ ಒಂದು ಕಳಿಸಿದ್ದೇನೆ, ನೋಡಿ. ಗಲ್ಲ ಸ್ವಲ್ಪ ಹೆಚ್ಚು ಚೂಪು ಅನ್ನಿಸುತ್ತದೆ. ಕಣ್ಣು ಕೂಡ ಅಣ್ಣನದಕ್ಕಿಂತ ದೊಡ್ಡದೋ ಏನೋ. ಅವ್ವ ಹೆತ್ತವಳು, ಅವಳೇ ಹೌದೆಂದ ಮೇಲೆ ನನ್ನದೇನು? ಆದರೂ ನೀವೊಮ್ಮೆ ಹೌದು ಅನ್ನಿ. ನೀವು ಹೌದೆಂದರೆ ನನಗೆ ಧೈರ್ಯ.

ಸ್ವಪ್ನ


ಚಳ್ಳಕೆರೆ
6 ಮೇ 2025

ಸ್ವಪ್ನಾ,

ಹೌದು ಎಂದು ಬರೆದು ಎರಡು ಕಾಗದ ಹರಿದು ಹಾಕಿದೆ. ಬರೆಯಲು ಆಗುವುದಿಲ್ಲ ತಾಯಿ.

ಆ ಮುಖ ನಿಮ್ಮಣ್ಣನ ಕಪ್ಪಿನಿಂದ ಹೊರಗೆ ಬಂದದ್ದಲ್ಲ. ಆ ಯಂತ್ರ ಲಕ್ಷ ಜನರ ಮುಖ ನೋಡಿದೆ. ಇಂಥ ರುಮಾಲಿನ ಕೆಳಗೆ ಇಂಥ ವಯಸ್ಸಿನವನಿಗೆ ಎಂಥ ಮುಖ ಇರಬಹುದೆಂದು ತಾನೇ ಒಂದು ಮಾಡಿ ಅಲ್ಲಿಟ್ಟಿದೆ. ಕಿವಿಯೊಂದು ಅವನದು. ಉಳಿದದ್ದು ಯಾರದೋ, ಅಥವಾ ಯಾರದೂ ಅಲ್ಲ. ನಿಮ್ಮವ್ವ ಒಪ್ಪಿದ್ದು ಮುಖವನ್ನಲ್ಲ, ಅವಳು ಒಪ್ಪಬೇಕಾಗಿತ್ತು, ಒಪ್ಪಿದಳು. ಸಾಧ್ಯವಾದರೆ ಆ ಪೋಸ್ಟರುಗಳನ್ನು ತೆಗೆಸು.

ಇನ್ನೊಂದನ್ನೂ ಇವತ್ತೇ ಬರೆಯುತ್ತೇನೆ, ನಾಳೆಗೆ ಧೈರ್ಯ ಉಳಿಯುವುದಿಲ್ಲ. ಹಗಲಲ್ಲಿ ಫ್ಲ್ಯಾಶ್ ಬೇಕಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಸೂರ್ಯನಿಗೆ ಬೆನ್ನು ಕೊಟ್ಟವನ ಮುಖಕ್ಕೆ ನಡುಹಗಲಲ್ಲೇ ಫ್ಲ್ಯಾಶ್ ಬೇಕು. ಹೊಸದಾಗಿ ಕಲಿಯುವವರಿಗೂ ಮೊದಲು ಹೇಳುವ ಮಾತು ಅದು. ಆ ಕ್ಯಾಮೆರಾದ ಫ್ಲ್ಯಾಶ್ ಕೆಟ್ಟು ಎರಡು ವರ್ಷವಾಗಿತ್ತು. ಗೊತ್ತಿದ್ದೇ ನಿನಗೆ ಕೊಟ್ಟೆ. ಹಳೆಯ ಗಿರಾಕಿಯ ಮಗಳಿಗೆ ಕೆಟ್ಟ ಸಾಮಾನು ದಾಟಿಸಿದ ಎನ್ನಿಸಿಕೊಳ್ಳಲು ನಾಚಿಕೆಯಾಗಿ, ಆ ಬಾಗಿಲು ತೆರೆಯಬೇಡ ಎಂದೆ. ಪಂಚೆ ಸಾಕು ಎಂದುಕೊಂಡೆ. ಕುರಿ ಕಾಯುವವನು ಪಂಚೆಗೆ ಕೈ ಮುಗಿದು ಪಕ್ಕಕ್ಕೆ ಸರಿಯುತ್ತಾನೆ ಎಂದು ನನಗೇಕೆ ಹೊಳೆಯಬೇಕು?

ಒಂದು ಮಿಂಚು ಇದ್ದಿದ್ದರೆ ಇವತ್ತು ಠಾಣೆಯ ಗೋಡೆಯ ಮೇಲೆ ಪಾತಣ್ಣನ ಮುಖ ಇರುತ್ತಿತ್ತು. ನೀನು ಬೈದರೆ ಬೈ. ಬರೆಯದೆ ಮಾತ್ರ ಇರಬೇಡ.

ನಬೀ ಸಾಬ್


ದೇವಸಮುದ್ರ
18 ಜೂನ್ 2025

ನಬೀ ಚಾಚಾರಿಗೆ,

ನಲವತ್ತು ದಿನ ನಿಮಗೆ ಬರೆಯಲಿಲ್ಲ. ಮೊದಲ ಹದಿನೈದು ದಿನ ಸಿಟ್ಟಿಗೆ. ನಿಮ್ಮ ಕಾಗದವನ್ನು ಒಲೆಗೆ ಹಾಕಲು ಎರಡು ಸಲ ಎದ್ದೆ. ಪೋಸ್ಟರನ್ನೂ ತೆಗೆಯಲಿಲ್ಲ. ನೀವು ಹೇಳಿದಿರೆಂದೇ ತೆಗೆಯಲಿಲ್ಲ. ಆಮೇಲೆ ಬರೆಯದೆ ಇದ್ದದ್ದು ನನ್ನ ತಪ್ಪು ಹೇಳಲು ಬಾಯಿ ಬರದೆ.

ಜನವರಿಯಲ್ಲೇ ಕ್ಯಾಮೆರಾ ನನ್ನ ಕೈಯಿಂದ ಜಗಲಿ ಮೇಲೆ ಬಿದ್ದಿತ್ತು. ಅವತ್ತು ಆ ಬಾಗಿಲು ತೆರೆದು ಒತ್ತಿ ನೋಡಿದೆ, ಫ್ಲ್ಯಾಶ್ ಬರಲಿಲ್ಲ. ನಾನೇ ಕೆಡಿಸಿದೆ ಎಂದುಕೊಂಡೆ. ಚಾಚಾ ಮಕ್ಕಳಂತೆ ಸಾಕಿದ ಕ್ಯಾಮೆರಾ, ಕೇಳಿದರೆ ನೊಂದುಕೊಳ್ಳುತ್ತಾರೆ ಎಂದು ನಿಮಗೆ ತಿಳಿಸಲಿಲ್ಲ. ಹಗಲಲ್ಲಿ ಬೇಕಿಲ್ಲ ಎಂದು ನೀವು ಬರೆದಾಗ, ಸದ್ಯ ಬದುಕಿದೆ ಎಂದು ಖುಷಿಯಾಗಿತ್ತು! ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಚಳ್ಳಕೆರೆಯಲ್ಲೇ ರಿಪೇರಿ ಆಗುತ್ತಿತ್ತು. ಹಾಗಾಗಿ ನಿಮ್ಮನ್ನು ಬೈಯಲು ನನಗೆ ಮುಖವಿಲ್ಲ.

ಪೋಸ್ಟರ್ ನೋಡಿ ಮೂರು ಫೋನ್ ಬಂದವು. ಎರಡು ಸುಳ್ಳು. ಮೂರನೆಯದು ಧರ್ಮಾವರದಿಂದ, ರೈಲ್ವೆ ಸ್ಟೇಷನ್ನಿನ ಹತ್ತಿರ ಇದ್ದಾನೆ, ನೂರಕ್ಕೆ ನೂರು ಅವನೇ ಎಂದರು. ಅವ್ವನನ್ನೂ ಕರೆದುಕೊಂಡು ಓಡಿದೆ. ಅಲ್ಲಿ ಒಬ್ಬ ಹೂವಿನ ಬುಟ್ಟಿ ಇಳಿಸುತ್ತಿದ್ದ. ಚಾಚಾ, ಅವನು ಪೋಸ್ಟರಿನಲ್ಲಿದ್ದ ಹಾಗೇ ಇದ್ದ. ಅದೇ ಚೂಪು ಗಲ್ಲ, ಅದೇ ದೊಡ್ಡ ಕಣ್ಣು. ಫೋನ್ ಮಾಡಿದವರ ತಪ್ಪಿಲ್ಲ. ಅವನು ಅಲ್ಲಿಯೇ ಹುಟ್ಟಿ ಬೆಳೆದವನು, ಎರಡು ಮಕ್ಕಳ ತಂದೆ. ಅವ್ವ ಅವನ ಕೈ ಹಿಡಿದು ಬಿಡಲೇ ಇಲ್ಲ. "ಮನಿಗೆ ಹೋಗಾಣ ಬಾರಪ್ಪ" ಅಂದಳು. ಅವನು ಪಾಪ ನನ್ನ ಕಡೆ ನೋಡಿದ. ನಾನು ಒಂದೊಂದೇ ಬೆರಳು ಬಿಡಿಸಿದೆ.

ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಆ ಊರುಗಳವರೆಲ್ಲ ಪೋಸ್ಟರಿನವನನ್ನು ಹುಡುಕುತ್ತಿದ್ದಾರೆ. ನಮ್ಮ ಅಣ್ಣ ಅವರ ಕಣ್ಣ ಮುಂದೆಯೇ ಹಾದುಹೋದರೂ ಯಾರು ತಡೆಯುತ್ತಾರೆ?

ನೀವು ಹೇಳಿದ ದಿನವೇ ತೆಗೆಸಬೇಕಾಗಿತ್ತು. ಈಗ ತೆಗೆಯುತ್ತೇನೆಂದರೆ ಅವ್ವ ಅನ್ನ ಬಿಡುತ್ತಾಳೆ.

ಸ್ವಪ್ನ


ಚಳ್ಳಕೆರೆ
23 ಜೂನ್ 2025

ಮಗಳೇ,

ತಪ್ಪನ್ನು ಹಂಚಿಕೊಂಡು ನನ್ನದನ್ನು ಹಗುರ ಮಾಡಲು ನೋಡಬೇಡ. ನನಗೆ ಎಪ್ಪತ್ತೊಂದು, ನಿನಗೆ ಇಪ್ಪತ್ತಾರು.

ಒಂದು ಕೆಲಸ ಮಾಡೋಣ. ಫೋಟೋದ ಆಸೆ ಬಿಡು. ನೀನು ಅವನ ಮುಖವನ್ನು ಬರೆ, ನನಗೆ ಕಾಗದ ಬರೆಯುವ ಹಾಗೆ ಬರೆ. ಹಣೆ ಅಗಲವೋ ಕಿರಿದೋ, ಹುಬ್ಬು ಕೂಡಿವೆಯೋ, ಮಾತಾಡುವಾಗ ಬಾಯಿ ಯಾವ ಕಡೆಗೆ ಸರಿಯುತ್ತದೆ, ಎಲ್ಲಿ ಗಾಯದ ಗುರುತಿದೆ. ನಾನು ತೆಲುಗಿಗೆ ಹಾಕಿಸಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕಳಿಸುತ್ತೇನೆ. ಓದಲು ಬಾರದವರಿಗೆ ಓದಿ ಹೇಳುವವರು ಎಲ್ಲ ಕಡೆ ಇರುತ್ತಾರೆ. ಸುಳ್ಳು ಮುಖಕ್ಕಿಂತ ನಾಲ್ಕು ನಿಜದ ಸಾಲು ವಾಸಿ.

ಬೇಗ ಬರೆ. ಕಾಯುತ್ತಿದ್ದೇನೆ.

ನಬೀ ಸಾಬ್


ದೇವಸಮುದ್ರ
27 ಜುಲೈ 2025

ಚಾಚಾ,

ನೀವು ಹೇಳಿದ ದಿನದಿಂದ ಬರೆಯಲು ಕೂತಿದ್ದೇನೆ. ಒಂದು ಸಾಲೂ ಕಳಿಸಲಿಲ್ಲವೆಂದು ಬೇಜಾರಾಗಬೇಡಿ. ಹಣೆ ಎಂದು ಬರೆದು ಕಣ್ಣು ಮುಚ್ಚಿದರೆ ಪೋಸ್ಟರಿನವನ ಹಣೆ ಬರುತ್ತದೆ. ಕಣ್ಣು ಎಂದರೆ ಧರ್ಮಾವರದವನ ಕಣ್ಣು. ಇಪ್ಪತ್ತಾರು ವರ್ಷ ನೋಡಿದ ಮುಖವನ್ನು ಮೂರು ತಿಂಗಳ ಕಾಗದ ತಿಂದುಹಾಕಿತು. ಅವನ ದನಿ ನೆನಪಿದೆ, ನಡಿಗೆ ನೆನಪಿದೆ, ಮುಖ ಮಾತ್ರ ಬರುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೇ ಹೇಳುತ್ತಿರುವುದು.

ಹದಿನೈದು ದಿನದ ಹಿಂದೆ ಒಂದು ಫೋನ್ ಬಂತು. ಕಲ್ಯಾಣದುರ್ಗದ ಆಚೆ ಒಂದು ಕೈಮರದ ಹತ್ತಿರ ಚಿನ್ನಕ್ಕ ಎಂಬುವರ ಟೀ ಅಂಗಡಿ ಇದೆ, ಅದರ ಗೋಡೆಗೂ ನಾವು ಪೋಸ್ಟರ್ ಹಚ್ಚಿದ್ದೆವು. ಆಕೆ ಕೇಳಿದ್ದು ಬೇರೆಯೇ. "ಅಂಗಡಿಗೆ ಸುಣ್ಣ ಹೊಡೆಸ್ಬೇಕಮ್ಮಾ, ಮೀ ಅನ್ನ, ನಿಮ್ಮಣ್ಣ, ಸಿಕ್ಕಿದ್ರಾ? ಪೋಸ್ಟರ್ ತೆಗೀಬೌದಾ?" ಇಲ್ಲಮ್ಮ, ಸಿಕ್ಕಿಲ್ಲ ಎಂದೆ. ಆಕೆ "ಅಯ್ಯೋ ಪಾಪಂ" ಎಂದು, ಮಾತಿಗೆ ಮಾತು ಸೇರಿಸುತ್ತ ಹೇಳಿದಳು. ತಿಂಗಳ ಹಿಂದೆ ಒಬ್ಬ ಬಂದಿದ್ದನಂತೆ. ಗಡ್ಡ ಬಿಟ್ಟಿದ್ದ, ಜೊತೆಗೊಂದು ನಾಯಿ ಇತ್ತು. ಟೀ ಕೇಳಿದ. ಗ್ಲಾಸು ಕೈಗೆ ಕೊಟ್ಟರೆ ಕುಡಿಯುವ ಮೊದಲು ನೆಲಕ್ಕೆ ಮೂರು ಹನಿ ಬಿಟ್ಟ. ಇದೇನಪ್ಪ ಎಂದು ಆಕೆ ನಕ್ಕಳಂತೆ. ಆಮೇಲೆ ಅವನು ಪೋಸ್ಟರ್ ನೋಡುತ್ತ ಬಹಳ ಹೊತ್ತು ನಿಂತು, ಕನ್ನಡ ಬೆರೆಸಿದ ತೆಲುಗಿನಲ್ಲಿ "ಎವರಮ್ಮಾ ಇವ್ನು?" ಎಂದು ಕೇಳಿದ. ಯಾರೋ ಕುರಿಯವನಂತೆ, ತಪ್ಪಿಸಿಕೊಂಡಿದ್ದಾನಂತೆ, ತಾಯಿ ಅಳ್ತಾಳಂತೆ ಎಂದು ಆಕೆ ಹೇಳಿದಳು. "ಪಾಪ" ಎಂದನಂತೆ. ಗ್ಲಾಸು ತೊಳೆದಿಟ್ಟು, ನಾಯಿಯನ್ನು ಕರೆದುಕೊಂಡು ಹೋದನಂತೆ.

ಬಯಲಲ್ಲಿ ಏನು ಕುಡಿದರೂ ಮೊದಲು ಭೂಮಿಗೆ ಮೂರು ಹನಿ ಬಿಡುವುದು ನಮ್ಮಪ್ಪನ ಪದ್ಧತಿ. ಅಪ್ಪನಿಂದ ಅಣ್ಣನಿಗೆ ಬಂದದ್ದು. ಹಟ್ಟಿಯಲ್ಲಿ ಬೇರೆ ಯಾರೂ ಮಾಡುವುದಿಲ್ಲ. ಪೋಸ್ಟರಿನಲ್ಲಿ ಇದನ್ನು ನಾನು ಬರೆದಿರಲಿಲ್ಲ. ಫೋನಿನಲ್ಲಿ ಕಿರುಚಿದೆ, ಯಾಕಮ್ಮಾ ತಡೀಲಿಲ್ಲ, ಯಾಕಮ್ಮಾ ಬಿಟ್ರಿ ಅಂತ. ಆಕೆ ಹೆದರಿ, "ಫೋಟೋದಲ್ಲಿರೋರು ಬೇರೆ ಕದಮ್ಮಾ, ಬೇರೆಯೋರಲ್ವಾ?" ಎಂದಳು.

ಮರುದಿನವೇ ನಾನೂ ದೊಡ್ಡೀರಪ್ಪನೂ ಹೋದೆವು. ನಾಲ್ಕು ದಿನ ಸುತ್ತಲಿನ ಊರು, ಹೊಲ, ಗುಡಿ, ಕಲ್ಲಿನ ಕ್ವಾರಿ ಎಲ್ಲ ನೋಡಿದೆವು. ಗಡ್ಡದವನನ್ನು ಕಂಡವರಿದ್ದಾರೆ, ಯಾವ ಕಡೆ ಹೋದ ಎಂದು ಹೇಳುವವರಿಲ್ಲ. ಕಂಡಕಂಡಲ್ಲಿ ನಮ್ಮ ಪೋಸ್ಟರುಗಳನ್ನು ಕಿತ್ತು ಚೀಲಕ್ಕೆ ತುಂಬಿದೆ. ಅಣ್ಣ ಅದನ್ನು ನೋಡಿ ಯಾರಿದು ಎಂದು ಕೇಳಿದನಲ್ಲ ಚಾಚಾ. ತಲೆಗೆ ಬಿಸಿಲು ಬಡಿದು ಎಲ್ಲ ಮರೆತಿದ್ದಾನೋ ಏನೋ. ತನ್ನ ಮುಖವನ್ನೇ ಅಲ್ಲಿ ಕಂಡಿದ್ದರೆ ಏನಾದರೂ ನೆನಪಾಗುತ್ತಿತ್ತೇನೋ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಗೋಡೆಯ ಮೇಲೆ ತಾನು ಹಾಕಿಕೊಂಡಿರುವ ಪೋಸ್ಟರಿನ ಕಡೆ ನೋಡಿ, "ಅವ್ನ್ಯಾರೋ ಗಡ್ಡದೋನು ಕಣೇ. ನನ್ನ ಮಗ ಇಲ್ಲವ್ನೆ ನೋಡು, ಹಿಂಗವ್ನೆ" ಎಂದಳು. ಅವಳೊಡನೆ ಜಗಳವಾಡುವ ಶಕ್ತಿ ನನಗಿಲ್ಲ.

ಚಿನ್ನಕ್ಕ ಒಳ್ಳೆಯವಳು. ನಾವು ಹೊರಡುವಾಗ ಕಣ್ಣೀರು ಹಾಕಿದಳು. ಗೋಡೆಯ ಉಳಿದ ಭಾಗಕ್ಕೆಲ್ಲ ಸುಣ್ಣ ಹೊಡೆಸಿ ಪೋಸ್ಟರ್ ಇದ್ದ ಜಾಗವನ್ನು ಹಾಗೇ ಬಿಟ್ಟಿದ್ದಾಳೆ. "ಸರಿಯಾದ ಫೋಟೋ ತಂದು ಹಚ್ಚಮ್ಮಾ, ಇನ್ನೊಂದ್ಸಲ ಬಂದ್ರೆ ನಾ ಬಿಡಲ್ಲ, ಕಟ್ಟಿಹಾಕಿಯಾದ್ರೂ ಕೂರಿಸ್ತೀನಿ" ಎಂದಿದ್ದಾಳೆ. ಯಾವಾಗ ಬರ್ತೀಯಾ ಎಂದು ದಿನಾ ಫೋನ್ ಮಾಡುತ್ತಾಳೆ. ಇವತ್ತು ಅಂಟು ಕಲಸಿಟ್ಟಿದ್ದೀನಿ ಅಂದಳು.

ಏನು ಹಚ್ಚಲಿ ಚಾಚಾ?

ಸ್ವಪ್ನ